ಲಾರಿ ಇದ್ದ ಜಾಗ

ಕ್ಲಚ್ ಮೇಷ್ಟ್ರಿಗೆ ಆ ಹೆಸರು ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಯಾಕೆ ಇಟ್ಟರೆಂಬುದು ಮಾತ್ರ ಅವರ ಕಾರು ಹಾದುಹೋಗುವ ರಸ್ತೆಯ ಎರಡೂ ಬದಿಯವರಿಗೆ ಗೊತ್ತು. ಬೆಳಗ್ಗೆ ಕಿಟಕಿ ತೆರೆದರೆ ಸಾಕು, "ಕ್ಲಚ್! ಕ್ಲಚ್ ಅಂದೆ! ಅದು ಬ್ರೇಕು!" ಎಂಬ ಕೂಗು ಬಿಸಿಲಿಗಿಂತ ಮೊದಲು ಒಳಗೆ ಬರುತ್ತಿತ್ತು.

ಅವರ ಡ್ರೈವಿಂಗ್ ಶಾಲೆಯೆಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಒಂದು ಪಟ, ಹೊರಗೆ ಒಂದು ಬಿಳಿ ಕಾರು. ಕಾರಿನ ಎಡಗಡೆ ಸೀಟಿನ ಮುಂದೆಯೂ ಒಂದು ಜೊತೆ ಪೆಡಲುಗಳಿದ್ದವು. ಅವು ಮೇಷ್ಟ್ರ ಕಾಲಿಗೆ ಮೀಸಲು. ತಾನೇ ಓಡಿಸುತ್ತಿದ್ದೇನೆಂದು ಶಿಷ್ಯ ಬೆವರು ಸುರಿಸುವಾಗ ಅರ್ಧ ಕೆಲಸವನ್ನು ಆ ಕಾಲು ಸದ್ದಿಲ್ಲದೆ ಮುಗಿಸಿರುತ್ತಿತ್ತು. ಅಂಗಡಿಯ ಬೋರ್ಡಿನಲ್ಲಿ ಶಾಲೆಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ "ಇಲ್ಲಿ ಕಲಿತವರು ಮೊದಲ ಪರೀಕ್ಷೆಯಲ್ಲೇ ಪಾಸ್" ಎಂದು ಬರೆಸಿದ್ದರು. ಅದು ಬರೀ ಜಂಬವಾಗಿದ್ದರೆ ಕ್ಷಮಿಸಬಹುದಿತ್ತು. ಕಷ್ಟವೇನೆಂದರೆ ಅದು ನಿಜವಾಗಿತ್ತು.

ನಿಜವಾಗಲು ಕಾರಣ ಅವರ ವಿಧಾನ. ಪರೀಕ್ಷೆ ನಡೆಯುವುದು ಯಾವ ರಸ್ತೆಯಲ್ಲೋ ಅದೇ ರಸ್ತೆಯಲ್ಲಿ ಅವರ ಪಾಠ. ಆ ರಸ್ತೆಯನ್ನು ಅವರು ಗುರುತುಗಳಾಗಿ ಕತ್ತರಿಸಿ ಇಟ್ಟುಕೊಂಡಿದ್ದರು. ಟೈಲರ್ ಅಂಗಡಿ ಬಂದರೆ ಮೂರನೇ ಗೇರು. ಹಳದಿ ಗೋಡೆ ಕಂಡರೆ ಹಾರ್ನು. ಪಂಪ್‌ಹೌಸ್ ದಾಟಿದ ಮೇಲೆ ಕೆಟ್ಟು ನಿಂತ ಲಾರಿ. ಅದರ ಮೂತಿ ನಿಮ್ಮ ಭುಜದ ಸಮಕ್ಕೆ ಬಂದಾಗ ಎಡಕ್ಕೆ ಇಂಡಿಕೇಟರ್, ಬ್ರೇಕ್, ಅರ್ಧ ಸುತ್ತು ಸ್ಟೀರಿಂಗ್. ಕಾರು ತಾನಾಗಿಯೇ ಪರೀಕ್ಷೆಯ ಮೈದಾನದ ಓಣಿಗೆ ತಿರುಗುತ್ತದೆ. "ಯೋಚನೆ ಮಾಡೋಕೆ ಹೋಗ್ಬೇಡಿ, ಗುರುತು ನೋಡಿ" ಎಂಬುದೇ ಉಪದೇಶ. ಈ ರಸ್ತೆಯನ್ನು ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಹಾಗೇ ಹೋಗುತ್ತಿದ್ದರು ಎಂಬ ಅನುಮಾನ ಮೊದಲು ಬಂದದ್ದು ಅವರ ಅತ್ತೆಗೆ.

ಅತ್ತೆ ಕೆಲಸದಿಂದ ನಿವೃತ್ತರಾದ ನರ್ಸು. ಮಗಳು-ಅಳಿಯನ ಮನೆಯ ಮೇಲಿನ ಕೋಣೆಯಲ್ಲಿದ್ದರು. ಹಿತ್ತಿಲಿಗೆ ತಗುಲಿದಂತಿದ್ದ ಹಿಂದಿನ ಮನೆಯ ಟೀಚರು ಅವರ ಜೀವದ ಗೆಳತಿ. ಟೀಚರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರೆದುಕೊಂಡು ಹೋಗುತ್ತಿದ್ದ ಗಂಡ, ಹಿಂದೆ ಬ್ಯಾಂಕ್ ಮ್ಯಾನೇಜರಾಗಿದ್ದವರು, ಕಣ್ಣಿನ ಡಾಕ್ಟರರ ಮಾತಿನಂತೆ ಕಾರಿನ ಕೀಲಿ ಕೆಳಗಿಟ್ಟಿದ್ದರು. ಟೀಚರ ಮನೆಯಿದ್ದ ಇಕ್ಕಟ್ಟಿನ ಗಲ್ಲಿಯ ಹೆಸರು ಹೇಳಿದರೆ ಟ್ಯಾಕ್ಸಿಯವರು ಫೋನು ಕುಕ್ಕುತ್ತಿದ್ದರು. ಒಮ್ಮೆ ಹೀಗೇ ಟ್ಯಾಕ್ಸಿ ಬಾರದೆ ಒಂದು ಸರದಿ ತಪ್ಪಿ, ಮಾರನೆಯ ದಿನ ಟೀಚರ ಮುಖ ಊದಿಕೊಂಡದ್ದನ್ನು ನೋಡಿ ಅತ್ತೆ ಮನೆಗೆ ಬಂದವರೇ ಅಳಿಯನ ಮುಂದೆ ನಿಂತರು.

"ಅಳಿಯಂದ್ರೇ, ನನಗೆ ಕಾರು ಕಲಿಸಿ. ಟೀಚರ್ ಮನೆ ಕಾರು ಶೆಡ್ಡಲ್ಲಿ ಸುಮ್ನೆ ನಿಂತಿದೆ."

"ಈ ವಯಸ್ಸಲ್ಲಾ ಅತ್ತೆ?"

"ಹೋದ ವಯಸ್ಸಲ್ಲಿ ಕಲಿಸ್ತೀರಾದ್ರೆ ಅದಕ್ಕೂ ರೆಡಿ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ರೀ, ನಮ್ಮಮ್ಮನ ಮೇಲೆ ಕ್ಲಚ್ ಕ್ಲಚ್ ಅಂತ ಕೂಗಾಡಿದ್ರೋ, ಆಮೇಲೆ ನೋಡಿ."

ಮೇಷ್ಟ್ರ ಶಿಕ್ಷಣದಲ್ಲಿ ಕೂಗಾಟವನ್ನು ಕಳೆದರೆ ಉಳಿಯುವುದು ಪೆಟ್ರೋಲಿನ ಖರ್ಚು ಮಾತ್ರ. ಹೀಗೆ ಬಾಯಿಗೆ ಬೀಗ ಹಾಕಿಸಿಕೊಂಡು ಅವರು ಅತ್ತೆಯ ಪಕ್ಕದಲ್ಲಿ ಕೂತರು.

ಮೊದಲನೇ ದಿನವೇ ರಗಳೆ ಶುರುವಾಯಿತು.

"ಟೈಲರ್ ಅಂಗಡಿ ಬಂತು ಅತ್ತೆ, ಮೂರನೇ ಗೇರ್."

"ಎಲ್ಲಿ ಟೈಲರು? ಅಲ್ಲಿ ಹಲ್ಲಿನ ಡಾಕ್ಟರಿದ್ದಾರೆ."

"ಅತ್ತೆ, ಟೈಲರೇ. ನನ್ನ ಮದುವೆ ಪ್ಯಾಂಟು ಹೊಲಿದವನು ಅವನು."

"ಹೊಲಿದಿರಬಹುದು. ಈಗ ಅಲ್ಲಿ ದೊಡ್ಡದಾಗಿ ಒಂದು ದವಡೆ ಚಿತ್ರ ಬರೆಸಿದ್ದಾರೆ, ನೋಡಿ."

ಮೇಷ್ಟ್ರು ನೋಡಿದರು. ದವಡೆ ಮೂವತ್ತೆರಡೂ ಹಲ್ಲು ಬಿಟ್ಟು ಅವರನ್ನೇ ನೋಡಿ ನಗುತ್ತಿತ್ತು. ಸಂಜೆ ಒಬ್ಬ ಹಳೇ ಶಿಷ್ಯನನ್ನು ಹಿಡಿದು ವಿಚಾರಿಸಿದಾಗ ಅವನು ತಲೆ ಕೆರೆದುಕೊಂಡ. "ಹೌದು ಸಾರ್, ಟೈಲರ್ ಹೋಗಿ ಕಾಲ ಆಯ್ತು. 'ಮೇಷ್ಟ್ರು ಟೈಲರ್ ಅಂದ್ರೆ ಹಲ್ಲಿನ ಡಾಕ್ಟ್ರು ಅಂತ ತಿಳ್ಕೋ' ಅಂತ ನನಗೆ ಮುಂಚಿನ ಬ್ಯಾಚಿನವರು ಹೇಳಿಕೊಟ್ಟಿದ್ರು. ನಾನು ಮುಂದಿನವರಿಗೆ ಹೇಳಿದೆ."

ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಕೋಪ ತಮ್ಮ ಮೇಲಲ್ಲ. ತಮಗೆ ಒಂದು ಮಾತೂ ತಿಳಿಸದೆ ಅಂಗಡಿ ಮುಚ್ಚಿಕೊಂಡು ಹೋದ ಟೈಲರನ ಮೇಲೆ. ಬಂದು ಕೂತ ಹಲ್ಲಿನ ಡಾಕ್ಟರ ಮೇಲೆ. ಬೆನ್ನ ಹಿಂದೆ ಇಂಥ ಗುಟ್ಟಿನ ಪಾಠ ನಡೆಸಿದ ಶಿಷ್ಯವೃಂದದ ಮೇಲೆ.

ಆಮೇಲಂತೂ ದಿನಾ ಒಂದಲ್ಲ ಒಂದು. ಹಳದಿ ಗೋಡೆ ಹಳದಿಯಾಗಿರಲಿಲ್ಲ, ಯಾವ ಕಾಲದಲ್ಲೋ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಚೆ ಪೆಟ್ಟಿಗೆಯಿದ್ದ ಮೂಲೆಯಲ್ಲಿ ಮೊಬೈಲ್ ರಿಪೇರಿ. ಅತ್ತೆ ಸ್ಟೀರಿಂಗ್ ಹಿಡಿದು ನಿಧಾನವಾಗಿ ಹೋಗುತ್ತ, ರೋಗಿಯ ಮೈ ನೋಡುವ ಕಣ್ಣಿನಿಂದ ರಸ್ತೆಯನ್ನು ನೋಡುತ್ತಿದ್ದರು. "ಆ ಬಾಲ್ಕನಿ ಬಿರುಕು ಬಿಟ್ಟಿದೆ. ಈ ನಾಯಿಗೆ ಕಾಲು ನೋವು. ಇಲ್ಲಿ ಹೊಸದಾಗಿ ಹಂಪ್ ಹಾಕಿದ್ದಾರೆ, ಬಣ್ಣ ಬಳಿದಿಲ್ಲ."

"ಅತ್ತೆ, ರಸ್ತೆ ನೋಡಿ."

"ಮತ್ತಿನ್ನೇನು ನೋಡ್ತಿದ್ದೀನಿ?"

ಮೇಷ್ಟ್ರು ಹಲ್ಲು ಕಚ್ಚಿ ತಮ್ಮ ಪೆಡಲನ್ನು ಒತ್ತುತ್ತಿದ್ದರು. ಇಷ್ಟಾದರೂ ಅವರ ಧೈರ್ಯ ಪೂರಾ ಕುಸಿದಿರಲಿಲ್ಲ. ಲಾರಿ ಇತ್ತಲ್ಲ. ಚಕ್ರಗಳು ನೆಲಕ್ಕೆ ಹೂತು, ಒಡೆದ ದೀಪದೊಳಗೆ ಹಕ್ಕಿ ಗೂಡು ಕಟ್ಟಿ, ಮರಿ ಮಾಡಿ, ಆ ಮರಿಗಳೂ ಮರಿ ಮಾಡಿದ್ದವು. ಪರೀಕ್ಷೆಯಲ್ಲಿ ಬೇರೆ ಶಾಲೆಯವರು ಸೋಲುವುದೆಲ್ಲ ಆ ತಿರುವಿನಲ್ಲೇ. ಲಾರಿಯ ಮೂತಿಯೊಂದನ್ನು ಹಿಡಿದುಕೊಂಡರೆ ಅತ್ತೆ ದಡ ಸೇರುವುದು ಖಂಡಿತ. ಸೇರಲೇಬೇಕಿತ್ತು. ಈ ಸಲ ತಪ್ಪಿದರೆ ಪರೀಕ್ಷೆಯ ಮುಂದಿನ ಸರದಿ ಬರಲು ಮೂರು ತಿಂಗಳು. ಟೀಚರ ಮೂತ್ರಪಿಂಡಕ್ಕೆ ಅಷ್ಟು ಪುರಸೊತ್ತು ಇರಲಿಲ್ಲ.

ಪರೀಕ್ಷೆಗೆ ಎರಡು ದಿನ ಉಳಿದಿರುವಾಗ ಲಾರಿ ಮಾಯವಾಯಿತು.

ಇದ್ದ ಜಾಗದಲ್ಲಿ ಎಣ್ಣೆಯ ಕಲೆ, ಒಂದಿಷ್ಟು ಹುಲ್ಲು, ಹಿಂದೊಂದು ಕಾಂಪೌಂಡು. ಅತ್ತೆ ಕಾರು ನಿಲ್ಲಿಸಿ ಕತ್ತು ಉದ್ದ ಮಾಡಿದರು. "ಅಳಿಯಂದ್ರೇ, ಲಾರಿ ಇದ್ದ ಜಾಗದ ಹಿಂದೆ ಒಂದು ಗೇಟಿದೆ."

"ಗೇಟು ಗೀಟು ಏನಿಲ್ಲ ಅತ್ತೆ ಅಲ್ಲಿ."

"ಕಾಣ್ತಿದೆಯಲ್ಲ, ಹಸಿರು ಗೇಟು."

"ಇಷ್ಟು ವರ್ಷದಿಂದ ಈ ರಸ್ತೇಲಿ ಓಡಾಡ್ತಿದ್ದೀನಿ. ಗೇಟು ಇಲ್ಲ ಅಂದ್ರೆ ಇಲ್ಲ!" ಎಂದು, ಎದುರಿಗಿದ್ದ ಗೇಟನ್ನು ಕೈಬೀಸಿ ಅಳಿಸಿಹಾಕಿ, ಮೇಷ್ಟ್ರು ಅತ್ತೆಯನ್ನು ಕಾರಿನಲ್ಲೇ ಕಾಯಲು ಹೇಳಿ, ಅಲ್ಲೇ ಇಳಿದು ನೇರವಾಗಿ ನಗರಸಭೆಯ ಕಚೇರಿಗೆ ನಡೆದರು.

ಕಚೇರಿಯ ಗುಮಾಸ್ತ ಸಮಾಧಾನದ ಮನುಷ್ಯ. ಫ್ಯಾನಿನ ಗಾಳಿಗೆ ಹಾರದಂತೆ ಕಾಗದದ ಮೇಲೆಲ್ಲ ಕಲ್ಲು ಇಟ್ಟುಕೊಂಡು ಕೂತಿದ್ದ.

"ಪಂಪ್‌ಹೌಸ್ ಹತ್ರದ ಲಾರಿ ಎಲ್ಲಿ?"

"ಓ, ಅದಾ! ಎತ್ತಿಸಿಬಿಟ್ವಿ ಸಾರ್. ಥ್ಯಾಂಕ್ಸ್ ಹೇಳೋಕೆ ಬಂದ್ರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ."

"ವಾಪಸ್ ಇಡಿ."

ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನಿಮ್ಮದಾ ಲಾರಿ?"

"ಅಲ್ಲ."

"ಒಳಗೆ ಏನಾದ್ರೂ ಬಿಟ್ಟಿದ್ರಾ?"

"ಇಲ್ಲಾ ರೀ! ಅದರ ಮೂತಿ ನೋಡಿ ನನ್ನ ಶಿಷ್ಯರು ಬ್ರೇಕ್ ಹಾಕ್ತಾರೆ."

"ಎದುರಿಗೆ ಲಾರಿ ಇದ್ರೆ ಯಾರಾದ್ರೂ ಹಾಕ್ತಾರೆ, ಸಾರ್."

"ಇದು ತಮಾಷೆ ಅಲ್ಲ! ಅರ್ಧ ಊರಿಗೆ ಕಾರು ಕಲಿಸಿದ್ದೇ ಆ ಲಾರಿ. ಎತ್ತೋ ಮುಂಚೆ ಒಂದು ಮಾತು ಕೇಳಬಾರದಾ?"

"ಯಾರನ್ನ? ಲಾರೀನಾ?"

ಪಕ್ಕದ ಮೇಜಿನವರು ಕೆಮ್ಮುವಂತೆ ನಟಿಸಿದರು. ಮೇಷ್ಟ್ರ ಮೈಯೆಲ್ಲ ಉರಿಯಿತು. ತೆರಿಗೆ ಕಟ್ಟುವವರನ್ನು ನಡೆಸಿಕೊಳ್ಳುವ ರೀತಿ, ಗುರುಗಳಿಗೆ ಈ ಕಾಲದಲ್ಲಿರುವ ಬೆಲೆ, ಯಾವುದೇ ವಸ್ತುವನ್ನು ಇದ್ದ ಕಡೆ ಇರಲು ಬಿಡದ ಈ ತಲೆಮಾರಿನ ಚಟ, ಹೀಗೆ ಒಂದೊಂದಾಗಿ ಎತ್ತಿಕೊಂಡು ಉಸಿರುಗಟ್ಟುವವರೆಗೆ ಮಾತಾಡಿದರು. ಗುಮಾಸ್ತ ಕೊನೆಯವರೆಗೂ ಕೇಳಿದ. ಅದು ಅವರ ಕೋಪವನ್ನು ಇನ್ನೂ ಹೆಚ್ಚಿಸಿತು.

"ಹೋಗಲಿ, ಅಲ್ಲೊಂದು ಡ್ರಮ್ಮಾದ್ರೂ ಇಡಿಸಿ."

"ಡ್ರಮ್ ಇಟ್ರೆ ನಾಳೆ ಅದನ್ನ ತೆಗೀರಿ ಅಂತ ಇನ್ನೊಬ್ರು ಬರ್ತಾರೆ. ಅಷ್ಟು ಅರ್ಜೆಂಟ್ ಇದ್ರೆ ನೀವೇ ಹೋಗಿ ನಿಂತ್ಕೊಳ್ಳಿ, ಸಾರ್."

ಗುಮಾಸ್ತ ಹೇಳಿದ್ದು ಕುಹಕಕ್ಕೆ. ಆದರೆ ಒಳ್ಳೆಯ ವಿಧಾನವುಳ್ಳ ಮನುಷ್ಯನಿಗೆ ಕುಹಕವೂ ಸಲಹೆಯೇ.

ಪರೀಕ್ಷೆಯ ದಿನ ಅತ್ತೆ ಮೈದಾನದಿಂದ ಹೊರಟು ಒಂದು ಸುತ್ತು ಹಾಕಿ ಬರಬೇಕು. ಪಕ್ಕದಲ್ಲಿ, ಮೇಷ್ಟ್ರ ಸೀಟಿನಲ್ಲಿ, ಊರಿಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರ್. ಕಲಿಸಿದವರು ಮೈದಾನದ ಬಾಗಿಲಲ್ಲೇ ಕಾಯಬೇಕೆಂದು ನಿಯಮ. ಕಾರು ಅತ್ತ ಮರೆಯಾದದ್ದೇ ತಡ, ಮೇಷ್ಟ್ರು ಇತ್ತ ಓಣಿಯಲ್ಲಿ ಓಡಿ, ಎಣ್ಣೆಯ ಕಲೆಯ ಮುಂತುದಿಯಲ್ಲಿ, ಲಾರಿಯ ಮೂತಿ ಎಲ್ಲಿತ್ತೋ ಸರಿಯಾಗಿ ಅಲ್ಲಿ, ಹೊಟ್ಟೆ ಮುಂದೆ ಮಾಡಿ ನಿಂತರು. ಮೈಯಲ್ಲಿ ಕಣ್ಣಿಗೆ ಹೊಡೆಯುವ ಕೆಂಪು ಶರಟು. ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೇ ಅತ್ತೆಗೆ ಹೇಳಿಟ್ಟಿದ್ದರು: "ನಾನು ನಿಮ್ಮ ಭುಜದ ಸಮಕ್ಕೆ ಬರೋವರೆಗೂ ಬ್ರೇಕ್ ಮುಟ್ಟಬೇಡಿ." ಅತ್ತೆ ನೀರು ಕುಡಿದಿದ್ದರು.

ಸ್ವಲ್ಪ ಹೊತ್ತಿಗೆ ಪಂಪ್‌ಹೌಸಿನ ಕಡೆಯಿಂದ ಬಿಳಿ ಕಾರು ಬಂತು. ಚೆನ್ನಾಗಿಯೇ ಬರುತ್ತಿತ್ತು. ಮೇಷ್ಟ್ರು ಹೊಟ್ಟೆಯನ್ನು ಇನ್ನಷ್ಟು ಮುಂದೆ ಮಾಡಿದರು. ಬರಲಿ, ಬರಲಿ, ಇನ್ನೂ ಬರಲಿ...

ಕಾರು ನಿಂತುಬಿಟ್ಟಿತು. ಅವರಿಂದ ಹತ್ತು ಹೆಜ್ಜೆ ಆಚೆ, ರಸ್ತೆಯ ನಡುವೆ, ಯಾವ ಗುರುತೂ ಇಲ್ಲದ ಕಡೆ!

"ಮುಂದೆ ಬನ್ನಿ!" ಎಂದು ಮೇಷ್ಟ್ರು ಎರಡೂ ಕೈ ಬೀಸಿದರು. "ಇನ್ನೂ ಮುಂದೆ! ಭುಜಕ್ಕೆ, ಭುಜಕ್ಕೆ! ಕ್ಲಚ್!" ಇಷ್ಟು ವಾರ ಅದುಮಿಟ್ಟಿದ್ದ ಕೂಗೆಲ್ಲ ಒಂದೇ ಸಲಕ್ಕೆ ಹೊರಬಂತು.

ಅಷ್ಟರಲ್ಲಿ ಬೆನ್ನ ಹಿಂದೆ ಕಿರ್ರೆಂದು ಸದ್ದಾಯಿತು. ಇಲ್ಲದ ಗೇಟು ತೆರೆಯಿತು. ಅದರಿಂದ ಒಬ್ಬಾತ ನೀರಿನ ಕ್ಯಾನುಗಳನ್ನು ಹೇರಿದ ಗಾಡಿಯನ್ನು ಎಳೆಯುತ್ತ, ರಸ್ತೆಗೆ ಬೆನ್ನು ಮಾಡಿ, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು ಮೇಷ್ಟ್ರಿಗೆ ಢಿಕ್ಕಿ ಹೊಡೆದು, "ದಾರಿಗೆ ಅಡ್ಡ ಯಾಕ್ರೀ ನಿಂತಿದ್ದೀರಾ, ಲಾರಿ ಥರ!" ಎಂದು ಗದರಿ, ನಿಂತ ಕಾರಿನ ಮುಂದೆಯೇ ರಸ್ತೆ ದಾಟಿ ಹೋದ. ಕಾರು ಮೇಷ್ಟ್ರು ಹೇಳಿದ ಕಡೆಯವರೆಗೂ ಬಂದಿದ್ದರೆ ಆತ ಅದರ ಅಡಿಯಲ್ಲಿರುತ್ತಿದ್ದ.

ಅತ್ತೆ ಇಂಡಿಕೇಟರ್ ಹಾಕಿ, ಮೆಲ್ಲಗೆ ಮುಂದೆ ಬಂದು ತಿರುವು ತೆಗೆದುಕೊಂಡರು. ಕಿಟಕಿಯ ಗಾಜು ಇಳಿದಿತ್ತು. ಇನ್‌ಸ್ಪೆಕ್ಟರ್ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಯಾರಮ್ಮ ಆ ಮನುಷ್ಯ?"

"ಗೊತ್ತಿಲ್ಲ ಸಾರ್," ಎಂದರು ಅತ್ತೆ, ಕಣ್ಣನ್ನು ರಸ್ತೆಯಿಂದ ಕದಲಿಸದೆ. "ಪಾಪ."

ಮೇಷ್ಟ್ರು ಮೈದಾನ ಮುಟ್ಟುವ ಹೊತ್ತಿಗೆ ಅತ್ತೆ ಪಾಸಾಗಿದ್ದರು. ಲೈಸೆನ್ಸನ್ನು ಅಲ್ಲೇ ಯಂತ್ರದಿಂದ ತೆಗೆದು ಕೈಗೆ ಕೊಡುವ ಹೊಸ ಏರ್ಪಾಡು ಬಂದಿತ್ತು. ಅದೂ ಮೇಷ್ಟ್ರಿಗೆ ಯಾರೂ ತಿಳಿಸಿರಲಿಲ್ಲ.

"ಗೊತ್ತಿಲ್ಲ ಅಂದ್ರಲ್ಲ ಅತ್ತೆ!"

"ನನ್ನ ಅಳಿಯ ಅಂದಿದ್ರೆ ಫೇಲ್ ಮಾಡ್ತಿದ್ರು, ಅಳಿಯಂದ್ರೇ."

"ನಾನು ಹೇಳಿದ ಕಡೆ ಯಾಕೆ ನಿಲ್ಲಿಸ್ಲಿಲ್ಲ?"

"ಗೇಟಿನ ಕೆಳಗೆ ಎರಡು ಕಾಲು ಕಾಣಿಸ್ತು. ಹತ್ತಿ, ಇವತ್ತು ಟೀಚರ್ದು ಆಸ್ಪತ್ರೆ ದಿನ."

ಪಾಠದ ಕಾರಿನಲ್ಲಿ ಮೇಷ್ಟ್ರು ಅಂದು ಹಿಂದಿನ ಸೀಟಿನಲ್ಲಿ ಕೂತರು. ಮುಂದೆ ಕೂರಲು ಮುನಿಸು ಬಿಡಲಿಲ್ಲ. ಕಾಲಿನ ಕೆಳಗೆ ಪೆಡಲಿಲ್ಲದೆ, ನೋಡಲು ಕಿಟಕಿಯೊಂದೇ ಉಳಿದು, ದಾರಿಯುದ್ದಕ್ಕೂ ಅವರ ಆಕ್ಷೇಪಣೆ ನಡೆಯಿತು. "ಈ ಮೂರಂತಸ್ತು ಯಾವಾಗ ಕಟ್ಟಿದ್ರು? ಇಲ್ಲಿ ಬಸ್ ಸ್ಟಾಪ್ ಇಡೋಕೆ ಯಾರು ಹೇಳಿದ್ದು? ಏನಿದು, ಇಷ್ಟು ಜನ ಯಾವಾಗ ಬಂದ್ರು ಈ ರಸ್ತೆಗೆ?"

"ನಿಮ್ಮನ್ನ ಕೇಳಿ ಬರಬೇಕಿತ್ತು," ಎಂದು ಅತ್ತೆ ಗೇರು ಬದಲಿಸಿದರು.

ಹಿಂದಿನ ಮನೆಯಲ್ಲಿ ಟೀಚರು ಚೀಲ ಹಿಡಿದು ಜಗಲಿಯ ಮೇಲೆ ಕೂತೇ ಇದ್ದರು. ಲೈಸೆನ್ಸನ್ನು ತಿರುಗಿಸಿ ಎರಡೂ ಬದಿ ನೋಡಿದರು. ಅತ್ತೆಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟು ಕಾರು ಹತ್ತಿದರು. ಶೆಡ್ಡಿನಿಂದ ಕಾರು ಹಿಂದಕ್ಕೆ ಹೊರಡುವಾಗ ಗೇಟಿನ ಒಂದು ಕಡೆ ಮೇಷ್ಟ್ರು "ಲೆಫ್ಟ್! ಲೆಫ್ಟ್!" ಎಂದರು, ಇನ್ನೊಂದು ಕಡೆ ಟೀಚರ ಗಂಡ ಮ್ಯಾನೇಜರು "ರೈಟ್! ರೈಟ್!" ಎಂದರು. ಇಬ್ಬರ ಮಾತೂ ಕೇಳದೆ ಕಾರು ನೇರವಾಗಿ ಹೊರಬಂದು ಗಲ್ಲಿ ಹಿಡಿಯಿತು.

"ಸ್ಟೀರಿಂಗ್ ಅರ್ಧ ಸುತ್ತು ಸಾಕಿತ್ತು," ಎಂದರು ಮೇಷ್ಟ್ರು. "ಪೂರ್ತಿ ತಿರುಗಿಸಿದ್ರು."

"ಹೋದ್ರಾ?" ಮ್ಯಾನೇಜರು ಕಣ್ಣು ಕಿರಿದು ಮಾಡಿ ಗಲ್ಲಿಯ ಕೊನೆ ಹುಡುಕುತ್ತಿದ್ದರು. "ನನಗೆ ಅಷ್ಟು ದೂರ ಕಾಣ್ಸಲ್ಲ. ತಿರುವಲ್ಲಿ ಸರಿಯಾಗಿ ಹೋದ್ರಾ, ಹೇಳಿ."

ಮೇಷ್ಟ್ರು ನೋಡಿದರು. ಕೊನೆಯವರೆಗೂ ನೋಡಿದರು.

"ಹೋದ್ರು," ಎಂದರು, ದೂರು ಕೊಡುವ ದನಿಯಲ್ಲಿ. "ನಿಲ್ಲಿಸಿದ್ರು, ಎರಡೂ ಕಡೆ ನೋಡಿದ್ರು, ಇಂಡಿಕೇಟರ್ ಹಾಕಿದ್ರು. ಅಲ್ಲಿ ಒಂದು ಗುರುತೂ ಇಲ್ಲ, ಸಾರ್. ಒಂದೇ ಒಂದೂ ಇಲ್ಲ!"