ದ್ರಾಕ್ಷಿ ಶೆಡ್ಡಿನೊಳಗಿನ ಪೇಷಂಟ್

ಒಣದ್ರಾಕ್ಷಿ ಕೊಳ್ಳಲು ಬಿಜ್ಜರಗಿಯ ಶಾಂತವ್ವನ ಶೆಡ್ಡಿಗೆ ಹೋದರೆ, ದ್ರಾಕ್ಷಿ ಹರವಿದ ಬಲೆಗಳ ನಡುವೆ ಅವಳ ಗಂಡ ಮಲ್ಲಪ್ಪ ಕೂತಿದ್ದ. ಆ ಸೆಖೆಯಲ್ಲೂ ತಲೆಗೆ ಟಾವೆಲ್, ಕೈಗೆ ಗ್ಲೌಸ್! ಬೆಚ್ಚಿಬಿದ್ದೆ.

"ಅಂಜಬ್ಯಾಡ್ರಿ ಬಾಯಾರ," ಅಂದಳು ಶಾಂತವ್ವ. ಅನ್ನನಾಳದ ಕ್ಯಾನ್ಸರ್‌ಗೆ ಪುಣೆಯಲ್ಲಿ ಬೆಳಕಿನ ಟ್ರೀಟ್‌ಮೆಂಟ್ ಆಗಿದೆಯಂತೆ. ಮೊದಲು ಇಂಜೆಕ್ಷನ್, ಎರಡು ದಿನ ಬಿಟ್ಟು ಗಂಟಲೊಳಗೆ ನಳಿಕೆ ಇಳಿಸಿ ಕೆಂಪು ಲೈಟ್. ಬೆಳಕು ಬಿದ್ದಲ್ಲಿ ಔಷಧಿ ಎಚ್ಚೆತ್ತು ಗಡ್ಡೆಯನ್ನು ಸುಡುತ್ತದೆ. ಮೈಯಲ್ಲಿ ಉಳಿದ ಔಷಧಿ ಬಿಸಿಲಿಗೂ ಎಚ್ಚೆತ್ತರೆ ಚರ್ಮವೇ ಸುಟ್ಟೀತು. ಅದಕ್ಕೇ ಒಂದು ತಿಂಗಳು ಬಿಸಿಲು ಕೂಡದು.

ಮೊದಲು ಇವಳು ಹೆದರಿ ಗಂಡನನ್ನು ಕತ್ತಲಕೋಣೆಯಲ್ಲಿ ಕೂಡಿಸಿದ್ದಕ್ಕೆ ಡಾಕ್ಟರ್ ಬೈದರಂತೆ. ತೆಳು ಬೆಳಕಿದ್ದರೇ ಔಷಧಿ ಬೇಗ ಕರಗುವುದಂತೆ.

"ಬಿಸಲೂ ಬ್ಯಾಡ, ಕತ್ತಲಿನೂ ಬ್ಯಾಡ ಅಂದ್ರ ನಮ್ಮ ಶೆಡ್ಡರೀ! ಹಸರ ದ್ರಾಕ್ಷಿ ಕಪ್ಪಾಗದಂಗ ನೆರಳಾಗ ಒಣಗಸಾಕಿ ನಾನು. ಇವ್ರನ್ನ ಕಾಯಾಕ ಬರಂಗಿಲ್ಲೇನ್ರಿ?"

"ದ್ರಾಕ್ಷಿ ಹದಿನೈದ ದಿನಕ್ಕ ಒಣಗತಾವ್ರಿ. ನಾ ಇನ್ನೂ ಹಸೀನ ಅದೀನಿ," ಮಲ್ಲಪ್ಪ ಪಿಸುದನಿಯಲ್ಲಿ ನಕ್ಕ. ಅವನ ಗಂಟಲಲ್ಲಿ ಗಂಜಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಫಿಸಿಕ್ಸ್‌ನಲ್ಲಿ ಬೆಳಕು ಬರೇ ಸ್ಟ್ರೇಟ್ ಲೈನಿನಲ್ಲಿ ಹೋಗುತ್ತಿತ್ತು. ಅದು ಮನುಷ್ಯನ ಗಂಟಲಿಗಿಳಿದು ಏನು ಮಾಡೀತೆಂದು ದಿನವೂ ಕಾದೆ. ನಿನ್ನೆ ಶಾಂತವ್ವ ಫೋನ್ ಮಾಡಿದಳು: "ಹಾಲಾಗ ನೆನಸಿದ ಅರ್ಧ ರೊಟ್ಟಿ ಇಳೀತ್ರಿ!"