ಬೋಡ್ವಾರನಿಗೆ ಯಾರು ರುಚಿ ಹೇಳಬೇಕು

ಶೆಬಾಯ್ಗನ್ ಊರಿನಲ್ಲಿ ಶಾಲೆಯ ಹಳದಿ ಬಸ್ಸು ಓಡಿಸುವ ಮಾರ್ಲಿಸ್ ಗ್ರೀಸ್‌ಬಾಕ್‌ಗೆ ಎರಡು ವಿಷಯದಲ್ಲಿ ವಿಪರೀತ ಹಟ. ಹಿಮ ಬಿದ್ದ ದಿನ ಬಸ್ಸಿನಲ್ಲಿ ಒಂದು ಮಗುವೂ ಎದ್ದು ನಿಲ್ಲಕೂಡದು. ಭಾನುವಾರ ಮಧ್ಯಾಹ್ನ ತನ್ನ ಮನೆಯ ನೆಲಮಾಳಿಗೆಯಲ್ಲಿ ನಡೆಯುವ, ಮಾತಿನಲ್ಲೇ ಕತೆ ಕಟ್ಟುವ ಆಟದಲ್ಲಿ ಯಾರೂ ದಾಳವನ್ನು ಮರೆಯಲ್ಲಿ ಉರುಳಿಸಕೂಡದು, ಅವಳೂ ಸೇರಿ. ಬೇರೆ ಮನೆಗಳಲ್ಲಿ ಆಟ ನಡೆಸುವವರು ಎದುರಿಗೆ ರಟ್ಟಿನ ತಡಿಕೆ ನಿಲ್ಲಿಸಿಕೊಂಡು, ಅದರ ಹಿಂದೆ ದಾಳ ಹಾಕಿ, ಬಿದ್ದದ್ದೊಂದು ಹೇಳುವುದೊಂದು ಮಾಡುತ್ತಾರೆ. ಇಷ್ಟದವರ ಪಾತ್ರ ಸಾಯದಂತೆ ನೋಡಿಕೊಳ್ಳುವ ಉಪಾಯ ಅದು. ಮಾರ್ಲಿಸ್ ಮಾತ್ರ ಹಳೆಯ ಕೇಕಿನ ತಟ್ಟೆಯೊಳಗೆ, ಎಲ್ಲರ ಮೂಗಿನ ಕೆಳಗೇ ದಾಳ ಹಾಕುತ್ತಾಳೆ. ಸದ್ದೂ ಜೋರು, ನ್ಯಾಯವೂ ಜೋರು.

ಈ ಆಟದ ರುಚಿ ಅವಳಿಗೆ ಹತ್ತಿದ್ದು ಹುಡುಗಿಯಾಗಿದ್ದಾಗ. ಅಣ್ಣ ಮತ್ತು ಅವನ ಗೆಳೆಯರು ಮೇಜಿನ ಸುತ್ತ ಕೂತು ಒಬ್ಬ ಮಾಂತ್ರಿಕ, ಒಬ್ಬ ಯೋಧ ಎಂದು ವೇಷ ಹಂಚಿಕೊಂಡು ಬರೀ ಮಾತಿನಲ್ಲೇ ಕಾಡು, ಗವಿ, ರಾಕ್ಷಸರನ್ನು ದಾಟುತ್ತಿದ್ದರು. ಇವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಒಂದು ವಾರ ಕತೆ ನಡೆಸುವ ಹುಡುಗನಿಗೆ ಸೀತಾಳೆ ಸಿಡುಬು ಎದ್ದಿತು. ಮಿಕ್ಕವರಿಗೆ ಗತಿಯಿಲ್ಲದೆ ಇವಳನ್ನು ಕೂರಿಸಿದರು. ಅವತ್ತು ಕೂತವಳು ಮತ್ತೆ ಆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಮುಂದೆ ಗಂಡ ಲೆಸ್ಟರ್ ಬೇರೊಬ್ಬಳ ಜೊತೆ ಫಾಂಡುಲ್ಯಾಕ್ ಊರಿಗೆ ಹೊರಟುಹೋದ. ಮಾರ್ಲಿಸ್ ಸೋಮವಾರದಿಂದ ಶನಿವಾರದವರೆಗೆ ಅತ್ತಳು. ಭಾನುವಾರ ಮುಖ ತೊಳೆದು ಮೇಜು ಒರೆಸಿದಳು.

ಆ ಮೇಜಿಗೆ ಬರುವವರು ಮೂವರು. ಕೆರೆದಂಡೆಯ ಹೋಟೆಲಿನಲ್ಲಿ ಜೀವಮಾನವೆಲ್ಲ ಅಡುಗೆ ಮಾಡಿ ನಿವೃತ್ತನಾದ ಒರಿನ್ ಹಾಲ್ವರ್ಸನ್. ಬೆಟ್ಟದಂಥ ಆಳು, ಬೋಳುತಲೆ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದಾನೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಡ್ವೈಟ್ ನೆಟೆಕೋವನ್. ಅವನ ಹೆಂಡತಿ, ಹೂವಿನ ಅಂಗಡಿಯ ಜನೆಲ್. ಆಟದಲ್ಲಿ ಒರಿನ್ ಬೋಡ್ವಾರ್ ಎಂಬ ಕುಳ್ಳ ಯೋಧ, ಡ್ವೈಟ್ ಗಾಯ ಮಾಯಿಸುವ ಪೂಜಾರಿ, ಜನೆಲ್ ಕಳ್ಳಿ. ಮೇಜಿನ ಮೇಲೆ ಸುಟ್ಟ ಸಾಸೇಜು ಇರುತ್ತದೆ, ಹಲ್ಲಿಗೆ ಸಿಕ್ಕರೆ ಕೀಚ್ ಎನ್ನುವ ಹಸಿ ಚೀಸಿನ ತುಂಡುಗಳೂ ಇರುತ್ತವೆ.

ಈ ಮೇಜಿಗೆ ಒಂದು ಪದ್ಧತಿಯಿದೆ. ಕತೆಯಲ್ಲಿ ಇವರ ತಂಡ ಎಲ್ಲಾದರೂ ಬೀಡುಬಿಟ್ಟರೆ ಮಾರ್ಲಿಸ್ 'ಪಾತ್ರೆ ಇಡಿ' ಎನ್ನುತ್ತಾಳೆ. ಆಗ ತಮ್ಮ ಪಾತ್ರ ಏನು ಉಂಡಿತು ಎಂದು ಒಬ್ಬೊಬ್ಬರೂ ಹೇಳಬೇಕು. ಒರಿನ್ ಹೇಳಲು ಕೂತರೆ ಮುಗಿಯಿತು. ಗವಿಯ ಅಣಬೆಯನ್ನು ಎಷ್ಟು ಹೊತ್ತು ಬಾಡಿಸಬೇಕು, ಮೊಲದ ಕೊಬ್ಬು ಯಾವಾಗ ಹಾಕಬೇಕು ಎಂದು ಅವನು ಶುರುಮಾಡಿದನೆಂದರೆ ರಾಕ್ಷಸರೂ ಬಾಗಿಲಲ್ಲಿ ಕಾಯಬೇಕು.

ಅಂಥ ಬೋಡ್ವಾರ್ ಒಂದು ಭಾನುವಾರ ಸೇತುವೆಯ ಕಾಳಗದಲ್ಲಿ ಸತ್ತ. ದಾಳ ಬಿದ್ದದ್ದು ಒಂದು, ಎಲ್ಲಕ್ಕಿಂತ ಕೆಟ್ಟ ಅಂಕ. ತಟ್ಟೆಯಲ್ಲಿ ಎಲ್ಲರಿಗೂ ಕಂಡಿತು. ಒರಿನ್ ಆ ದಾಳವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. ಆಮೇಲೆ ಕೇಳಿದ: "ಈ ಪಾತಾಳದಲ್ಲಿ ಸತ್ತೋರು ಎದ್ದು ಓಡಾಡ್ತಾರೆ ಅಂತ ನೀನೇ ಹೇಳಿದ್ಯಲ್ಲ ಮಾರ್ಲಿಸ್. ಇವನನ್ನೂ ಎಬ್ಬಿಸು. ಹೆಣವಾದರೂ ಪರವಾಗಿಲ್ಲ."

"ಎಬ್ಬಿಸು, ಆದ್ರೆ ತೂಕ ಸರಿಯಾಗಿರ್ಬೇಕು," ಎಂದ ಡ್ವೈಟ್. "ಸತ್ತು ಲಾಭ ಮಾಡ್ಕೊಂಡ ಅಂತಾಗಬಾರದು."

ಮಾರ್ಲಿಸ್ ವಾರವಿಡೀ ತಲೆ ಕೆಡಿಸಿಕೊಂಡಳು. ಸತ್ತವನಿಗೆ ನಿದ್ದೆ ಬೇಡ, ಉಸಿರು ಬೇಡ, ವಿಷ ತಾಗದು, ಹೆದರಿಕೆಯಿಲ್ಲ. ಇಷ್ಟೆಲ್ಲ ಕೊಟ್ಟ ಮೇಲೆ ಕಿತ್ತುಕೊಳ್ಳುವುದೇನು? ಬಿಸಿಲು ಬಿದ್ದರೆ ಮೈ ಸುಡುತ್ತದೆ ಎಂದು ಬರೆದಳು. ಪುಸ್ತಕಗಳಲ್ಲೆಲ್ಲ ಹಾಗೇ ಇದೆ. ಎರಡೇ ಭಾನುವಾರದಲ್ಲಿ ಅವಳ ಬುದ್ಧಿವಂತಿಕೆ ಬಯಲಾಯಿತು. ಬೋಡ್ವಾರ್ ವಿಷದ ಹೊಗೆಯಲ್ಲಿ ಶಿಳ್ಳೆ ಹಾಕುತ್ತ ನಡೆದ, ನೀರಿನ ತಳದಲ್ಲಿ ಸಲೀಸಾಗಿ ದಾಟಿದ. ಕಳ್ಳಿಗೆ ಬಿಚ್ಚಲು ಬಲೆ ಉಳಿಯಲಿಲ್ಲ, ಪೂಜಾರಿಗೆ ಮಾಯಿಸಲು ಗಾಯ ಉಳಿಯಲಿಲ್ಲ.

"ಬಿಸಿಲಂತೆ!" ಡ್ವೈಟ್ ಪೆನ್ಸಿಲ್ ಎಸೆದ. "ನಮ್ಮ ಕತೆ ನಡೀತಿರೋದು ನೆಲದ ಕೆಳಗೆ. ಇಲ್ಲಿ ಬಿಸಿಲು ಎಲ್ಲಿಂದ ತರ್ತೀಯಮ್ಮ? ಬೋಳುತಲೆಯವನ ಹತ್ರ ಬಾಚಣಿಗೆ ಕಿತ್ಕೊಂಡ್ರೆ ಅದು ಶಿಕ್ಷೆನಾ?"

ಒರಿನ್ ತನ್ನ ತಲೆ ಸವರಿಕೊಂಡು ನಕ್ಕ. ಡ್ವೈಟ್ ನಗಲಿಲ್ಲ. "ನೋಡು, ಅವನೊಬ್ಬನೇ ಆಡೋದಾದ್ರೆ ನಾವಿಬ್ರೂ ಯಾಕೆ? ಇದನ್ನ ಸರಿಮಾಡು. ಇಲ್ಲ ಅಂದ್ರೆ ಭಾನುವಾರ ನಾವು ಮನೇಲೇ ಇರ್ತೀವಿ."

ಜನೆಲ್ ಗಂಡನ ಕಾಲು ತುಳಿದಳು, ಆದರೆ ಇಲ್ಲವೆನ್ನಲಿಲ್ಲ. ಮಾರ್ಲಿಸ್‌ಗೆ ದಿಗಿಲಾಯಿತು. ಇಬ್ಬರು ಹೋದರೆ ಮೇಜೇ ಹೋಯಿತು. ಅವಳ ವಾರಕ್ಕೆ ಭಾನುವಾರವೇ ಗೂಟ. ಅದನ್ನು ಕಿತ್ತರೆ ಮಿಕ್ಕ ದಿನಗಳು ಎಲ್ಲಿ ಕಟ್ಟಿಕೊಂಡಾವು? ಸಿಟ್ಟೂ ಬಂತು, ಆದರೆ ಸಿಟ್ಟು ತನ್ನ ಮೇಲೆಯೇ. ಗವಿಯಲ್ಲಿರುವವನಿಗೆ ಬಿಸಿಲಿನ ದಂಡ ಹಾಕುವ ಪೆದ್ದುತನ ಮಾಡಿದ್ದು ಇನ್ಯಾರೂ ಅಲ್ಲವಲ್ಲ.

ಮುಂದಿನ ವಾರ ಹೊಸ ನಿಯಮ ತಂದಳು. ಹೆಣಕ್ಕೆ ಹಸಿವಿಲ್ಲ, ನಾಲಿಗೆಯಿಲ್ಲ. ಪಾತ್ರೆ ಇಡುವಾಗ ಬೋಡ್ವಾರ್ ದೂರ ಕೂರಬೇಕು, ಊಟದ ಮಾತಾಡಕೂಡದು. ಅಂಥ ಬೀಡುಗಳಲ್ಲಿ ಉಂಡವರಿಗೆ ಸಿಗುವ ಚೈತನ್ಯವೂ ಅವನಿಗಿಲ್ಲ.

ಡ್ವೈಟ್ ಲೆಕ್ಕ ಹಾಕಿ ನೋಡಿ ತಲೆಯಾಡಿಸಿದ. "ಈಗ ತಕ್ಕಡಿ ಸಮ ಆಯ್ತು."

"ಸರಿ," ಎಂದ ಒರಿನ್.

ತಕ್ಕಡಿಯೇನೋ ಸಮವಾಯಿತು. ಪಾತ್ರೆ ಇಟ್ಟಾಗ ಜನೆಲ್ "ರೊಟ್ಟಿ" ಎಂದಳು, ಡ್ವೈಟ್ "ನನಗೂ ಅದೇ" ಎಂದ, ಒರಿನ್ ಸುಮ್ಮನೆ ಚೀಸು ಅಗಿದ. ಮೇಜಿನ ಮೇಲೆ ಆ ಕೀಚ್ ಕೀಚ್ ಬಿಟ್ಟರೆ ಸದ್ದಿಲ್ಲ. ಮರುವಾರ ಒರಿನ್‌ಗೆ ಮಂಡಿನೋವು. ಅದರ ಮರುವಾರವೂ ಮಂಡಿನೋವು, ಅವನು ಬರಲೇ ಇಲ್ಲ.

ಮಾರ್ಲಿಸ್ ಬಸ್ಸು ನಿಲ್ಲಿಸಿದವಳೇ ಅವನ ಮನೆಗೆ ಹೋದಳು. ಮಂಡಿನೋವಿನ ಮನುಷ್ಯ ಒಲೆಯ ಮುಂದೆ ನೆಟ್ಟಗೆ ನಿಂತು, ಒಬ್ಬನಿಗಾಗಿ ನಾಲ್ಕು ಜನರ ಮೀನು ಹುರಿಯುತ್ತಿದ್ದ.

"ಸುಳ್ಳು ಹೇಳೋಕೂ ಬರಲ್ವಲ್ಲ ನಿನಗೆ," ಎಂದಳು.

ಒರಿನ್ ತಿರುಗಲಿಲ್ಲ. "ಡ್ವೈಟ್ ಹೇಳಿದ್ದು ನ್ಯಾಯವೇ. ಶಕ್ತಿ ಜಾಸ್ತಿ ಆಗಿತ್ತು, ಬೇಕಾದಷ್ಟು ತೆಗಿ, ಬೇಜಾರಿಲ್ಲ. ಆದ್ರೆ ನಾನು ಅವನನ್ನ ಎಬ್ಬಿಸು ಅಂದಿದ್ದು ಹೊಡೆದಾಡೋಕಲ್ಲ ಮಾರ್ಲಿಸ್. ಊಟಕ್ಕೆ ಕರ್ಕೊಂಡು ಬರೋಕೆ."

ಮಾರ್ಲಿಸ್ ತಟ್ಟೆ ಎಳೆದುಕೊಂಡಳು. ಕೂತು ಮೀನು ತಿಂದಳು. ಚೆನ್ನಾಗಿತ್ತು, ಹಾಗೆಂದು ಹೇಳಿದಳು. ಹೇಗೆ ಚೆನ್ನಾಗಿದೆ ಎಂದು ಅವನು ಕೇಳಿದ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ನಿಂಬೆ ಹಣ್ಣು ಆಮೇಲೆ ಬರುತ್ತೆ ಎಂದಳು. ಹೇಳುತ್ತಿದ್ದಂತೆ ಒರಿನ್‌ನ ಮುಖ ಅರಳಿದ್ದು ಕಂಡು ಅವಳಿಗೆ ದಾರಿ ಹೊಳೆಯಿತು. ಕಿತ್ತುಕೊಳ್ಳುವುದೊಂದೇ ಬೆಲೆಯಲ್ಲ, ಇನ್ನೊಬ್ಬರನ್ನು ನಂಬಿ ಕಾಯುವುದೂ ಬೆಲೆಯೇ. ಅದನ್ನು ಮೊದಲೇ ಯೋಚಿಸದ ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಭಾನುವಾರ ಮೂವರನ್ನೂ ಕೂರಿಸಿ ಹೇಳಿದಳು: "ಬೋಡ್ವಾರ್ ಅಡುಗೆ ಮಾಡ್ತಾನೆ. ಅವನಿಗೆ ರುಚಿ ಗೊತ್ತಾಗಲ್ಲ. ಬದುಕಿರೋರಲ್ಲಿ ಒಬ್ಬರು, ದಾಳ ಹೇಳಿದವರು, ಉಂಡು ಅವನಿಗೆ ರುಚಿ ಹೇಳ್ಬೇಕು. ಮನಸ್ಸಿಟ್ಟು ಹೇಳಿದ್ರೆ ಮುಂದಿನ ಕಾಳಗಕ್ಕೆ ಏಳ್ತಾನೆ. ಹೇಳ್ದೆ ಹೋದ್ರೆ ಅಲ್ಲೇ ಮಲಗ್ತಾನೆ, ಮತ್ತೆ ಏಳಲ್ಲ."

"ಮನಸ್ಸಿಟ್ಟು ಅಂದ್ರೆ ಎಷ್ಟು ಅಂಕ?" ಎಂದ ಡ್ವೈಟ್.

"ಅಂಕ ಇಲ್ಲ. ಒರಿನ್‌ಗೆ ಸಾಕು ಅನ್ನಿಸ್ಬೇಕು."

ದಾಳ ತಟ್ಟೆಯಲ್ಲಿ ಬಡಿಯಿತು. ಬಿದ್ದದ್ದು ಡ್ವೈಟ್ ಹೆಸರಿಗೇ. ಕತೆಯಲ್ಲಿ ಗವಿಯ ರಾಜನ ಬಾಗಿಲು ಎದುರಿಗಿತ್ತು. ಬೋಡ್ವಾರ್ ಮಲಗಿದರೆ ಮುಂದಾಳು ಪೂಜಾರಿಯೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಒರಿನ್ ಬಟಾಣಿ ಸಾರು ಮಾಡಿದ್ದನ್ನು ವಿವರಿಸಿ ಬಟ್ಟಲು ಚಾಚಿದಂತೆ ಕೈ ಚಾಚಿದ.

"ಉಪ್ಪಿದೆ," ಎಂದ ಡ್ವೈಟ್.

"ಹಾಗಂದ್ರೆ ಹೆಣ ಏಳಲ್ಲ ಕಣಯ್ಯ, ಇನ್ನೂ ಆಳಕ್ಕೆ ಹೋಗತ್ತೆ!" ಎಂದ ಒರಿನ್.

ಜನೆಲ್ ಕಿಸಕ್ಕೆಂದಳು. ಡ್ವೈಟ್ ತನ್ನ ಮುಂದಿನ ಹಾಳೆ ನೋಡುತ್ತ ಕೂತ. ಇವನು ಸುಮ್ಮನಿದ್ದೇ ಗೆಲ್ಲುತ್ತಾನೆ ಎಂದು ಮಾರ್ಲಿಸ್‌ಗೆ ಭಯವಾಯಿತು. ಅವನು ಹಾಳೆ ಬೋರಲು ಹಾಕಿದ.

"ನಮ್ಮಪ್ಪ ಕೆರೆ ಹೆಪ್ಪುಗಟ್ಟಿದಾಗ ಮೀನು ಹಿಡಿಯೋಕೆ ಕರ್ಕೊಂಡು ಹೋಗ್ತಿದ್ದ," ಎಂದ, ಯಾರ ಮುಖವನ್ನೂ ನೋಡದೆ. "ಫ್ಲಾಸ್ಕಿನಲ್ಲಿ ಇದೇ ಸಾರು. ಅರ್ಧ ತಣ್ಣಗಾಗಿರ್ತಿತ್ತು, ತಳ ಹತ್ತಿದ ವಾಸನೆ ಬೇರೆ. ಮಾತು ಕಮ್ಮಿ ಮನುಷ್ಯ. ಒಂದೇ ಮುಚ್ಚಳ ಇರೋದು, ಅದರಲ್ಲಿ ಮೊದಲು ನನಗೆ ಕೊಟ್ಟು, ನಾನು ಮುಗಿಸೋವರೆಗೂ ಕೈ ಉಜ್ಕೊಂಡು ಕೂತಿರ್ತಿದ್ದ. ನಿನ್ನ ಸಾರು ಹಾಗಿದೆ ಬೋಡ್ವಾರ್. ತನಗೆ ಇಲ್ಲದೋನು ನನಗೆ ಕೊಟ್ಟ ಹಾಗಿದೆ."

ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. "ಸಾಕಾ?" ಎಂದು ಒರಿನ್‌ನನ್ನು ಕೇಳಿದ.

ಒರಿನ್ ತಲೆಯಾಡಿಸಿದ. ಅವನ ಚಾಚಿದ ಕೈ ಇನ್ನೂ ಮೇಜಿನ ಮೇಲೆ ಹಾಗೇ ಇತ್ತು.

"ತಡಿ," ಎಂದ. "ಇನ್ನೊಂದು ಸೌಟು ಹಾಕ್ತೀನಿ."