ಹೊನ್ನೂರಮ್ಮನ ಬೋಣಿ

ಹೊನ್ನೂರಮ್ಮ ಮಂಡಕ್ಕಿ ನೆನೆಸುವುದು ಯಾವ ನೀರಿನಲ್ಲಿ? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕು ಕೂತು ವರ್ಷವಾಗುತ್ತ ಬಂತು. ಕುಕ್ಕರ್ ಸೀಟಿ ಹಾಕುವಾಗ, ಮಗಳ ಉಗುರು ಕತ್ತರಿಸುವಾಗ, ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ಅದೇ. ನಲ್ಲಿ ನೀರೋ, ಬೋರಿನದೋ? ಕೊಡಕ್ಕೆ ಮುಚ್ಚಳ ಉಂಟೋ ಇಲ್ಲವೋ? ‘ಕೇಳಿಬಿಡು, ಮುಗೀತು’ ಎನ್ನುತ್ತಾರೆ ನಮ್ಮ ಮನೆಯವರು. ಹೊನ್ನೂರಮ್ಮನನ್ನು ಹಾಗೆಲ್ಲ ಕೇಳುವ ಧೈರ್ಯವಂತರು ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಇನ್ನೂ ಹುಟ್ಟಿಲ್ಲ.

ನಮ್ಮ ಗೇಟಿನ ಎದುರಿನ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಅವಳ ವಗ್ಗರಣಿ-ಮಿರ್ಚಿ ಬಂಡಿ. ಮಂಡಕ್ಕಿಯನ್ನು ನೀರಿಗೆ ಹಾಕಿ, ಹಿಂಡಿ ತೆಗೆದು, ಉಳ್ಳಾಗಡ್ಡಿ ಟೊಮೆಟೊ ಒಗ್ಗರಣೆಗೆ ಸುರಿದು, ಮೇಲೆ ಪುಟಾಣಿ, ಅಂದರೆ ಹುರಿಗಡಲೆಯ ಪುಡಿ ಉದುರಿಸಿ, ಪಕ್ಕಕ್ಕೊಂದು ಬಿಸಿ ಮಿರ್ಚಿ ಇಟ್ಟುಕೊಟ್ಟರೆ ನಮ್ಮ ಊರಿಗೆ ಬೆಳಗಾಯಿತೆಂದು ಅರ್ಥ. ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದಾಗಿನಿಂದ ಆ ಬಂಡಿಯ ಒಂದು ಕಾಳು ಮಂಡಕ್ಕಿಯನ್ನೂ ಬಾಯಿಗಿಟ್ಟವಳಲ್ಲ. ನಮ್ಮ ಅಡುಗೆಮನೆಯಲ್ಲಿ ದುಬಾರಿ ಫಿಲ್ಟರ್ ಇದೆ. ಯಾಕೋ ಬೆಳಿಗ್ಗೆ ನೋಡಿದರೆ ಅದರ ತೊಟ್ಟಿ ಖಾಲಿ ಇರುತ್ತದೆ. ಎಲ್ಲೋ ಸೋರುತ್ತಿದೆಯೆಂದು ರಿಪೇರಿಯವನನ್ನು ಎರಡು ಸಲ ಕರೆಸಿದೆ. ಸೋರಿಕೆ ಸಿಗಲಿಲ್ಲ.

ಹೊನ್ನೂರಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ, ಕೊಟ್ಟದ್ದು ಮೋಕಕ್ಕೆ. ಗಂಡ ಉಚ್ಚೆಂಗೆಪ್ಪ ಜೀನ್ಸ್ ಹೊಲಿಯುವ ಕಾರ್ಖಾನೆಗಳಿಂದ ಒಗೆಯುವ ಘಟಕಗಳಿಗೆ ಪ್ಯಾಂಟಿನ ಗಂಟು ಸಾಗಿಸುವ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಿದ್ದ. ವರ್ಷಗಟ್ಟಲೆ ಅದರ ಇಂಜಿನ್ನಿನ ಪಕ್ಕದಲ್ಲೇ ಕೂತು ಅವನ ಕಿವಿ ಮಂದವಾಯಿತು. ಅದಕ್ಕೇ ಸಂಸಾರ ಸುಖವಾಗಿದೆ ಎನ್ನುತ್ತಾಳೆ ಅವಳು. ಗಿರಾಕಿಗಳೊಂದಿಗೆ ಅವಳದು ಕನ್ನಡ, ಎಣ್ಣೆಯೊಂದಿಗೆ ತೆಲುಗು. ಬಾಣಲೆಯ ಮುಂದೆ ಕೂತು, ಎಣ್ಣೆ ಬೇಗ ಕಾಯಲೆಂದು ‘ಕಾಗು, ಕಾಗು ತಲ್ಲೀ’ ಎಂದು ಪುಸಲಾಯಿಸುತ್ತಾಳೆ. ಬೈಯುವುದಕ್ಕೆಂದು ಉರ್ದುವನ್ನು ಬೇರೆಯಾಗಿ ಎತ್ತಿಟ್ಟಿದ್ದಾಳೆ.

ಅವಳಿಗಿರುವ ಒಂದೇ ಹುಚ್ಚು ಬೋಣಿಯದು. ದಿನದ ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆಗಬೇಕು, ಮತ್ತು ಬೋಣಿ ಮಾಡಿದವರು ಅದನ್ನು ತಿನ್ನಬೇಕು. ಹಿಂದೆ ನಿವೃತ್ತ ಮೇಷ್ಟ್ರು ತಿಪ್ಪೇರುದ್ರಪ್ಪನವರ ಕೈ ಇತ್ತು. ಅವರಿಗೆ ಡಾಕ್ಟರು ಎಣ್ಣೆ ತಿಂಡಿ ಬಿಡಿಸಿದರು. ಆಮೇಲೆ ಎಷ್ಟೋ ಕೈ ನೋಡಿದಳು, ಒಂದೂ ಒಗ್ಗಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ನಾಲ್ಕು ವರ್ಷದ ಮಗಳು ಅಕ್ಷತಾ, ಗೇಟಿನ ಸಂದಿನಿಂದ ನುಸುಳಿ, ಒಂದು ರೂಪಾಯಿ ಹಿಡಿದು, ‘ಅಜ್ಜೀ, ಖಾರ ಇಲ್ಲದ ಮಿರ್ಚಿ’ ಎಂದು ನಿಂತುಬಿಟ್ಟಳು. ಅಂದು ಬುಟ್ಟಿ ಎಂದಿಗಿಂತ ಬೇಗ ಬರಿದಾಯಿತಂತೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮಾರನೆಯ ದಿನದಿಂದ ಅಕ್ಷತಾ ಬಂದು ಬೋಣಿ ಮಾಡುವವರೆಗೂ ಹೊನ್ನೂರಮ್ಮ ಯಾರಿಗೂ ಒಂದು ತುತ್ತು ಕೊಡುವುದಿಲ್ಲ. ಡ್ಯೂಟಿಗೆ ಹೊರಟ ಗಂಡಸರೆಲ್ಲ ನಮ್ಮ ಗೇಟಿನ ಮುಂದೆ ಸಾಲು.

"ಅಕ್ಕಾರ, ಪಾಪು ಎದ್ದೈತೇನ್ರಿ?"

"ಹಲ್ಲುಜ್ಜಾಕ ಹತ್ತೈತಿ!" ಒಳಗಿಂದ ನನ್ನ ಅತ್ತೆ ಚನ್ನವೀರಮ್ಮನವರ ಉತ್ತರ.

"ಹಾಲಹಲ್ಲ ಅವು, ಹೆಂಗಿದ್ರೂ ಬೀಳತಾವ. ಅಷ್ಟ್ಯಾಕ ತಿಕ್ಕತೀರಿ? ಬಸ್ ಹೋಗತೈತ್ರೀ!"

ಬೀದಿಯ ತಿಂಡಿ ಮುಟ್ಟಬಾರದೆಂದು ನಾನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಮಗಳು ದಿನವೂ ಮಂತ್ರಿಗಳ ಠೀವಿಯಲ್ಲಿ ಬೀದಿಯನ್ನು ಉದ್ಘಾಟಿಸುತ್ತಿದ್ದಳು. ಮೇಲಿನ ಹಿಟ್ಟಿನ ಪದರವೂ ಎರಡು ತುತ್ತು ವಗ್ಗರಣಿಯೂ ಅವಳಿಗೆ, ಒಳಗಿನ ಮೆಣಸಿನಕಾಯಿ ಅತ್ತೆಗೆ. ಹೋಗುವ ಮೊದಲೂ ಬಂದ ಮೇಲೂ ನಾನು ಕೈ ತೊಳೆಸುತ್ತಿದ್ದೆ. ಮನೆಯಲ್ಲಿ ತುತ್ತಿಗೊಂದು ಕಥೆ ಕೇಳುವ ಮಗು ಅಲ್ಲಿ ಬಟ್ಟಲು ನೆಕ್ಕುತ್ತಿತ್ತು. ಬಿಡಿಸಲು ಮನಸ್ಸಿಲ್ಲ, ತಿನ್ನುವುದನ್ನು ನೋಡುತ್ತ ನಿಲ್ಲಲು ಧೈರ್ಯವಿಲ್ಲ.

ಈ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವ ಸುದ್ದಿ ಬಂತು. ಬೇವಿನ ಮರ ಉಳಿಯುತ್ತದೆ, ಬಂಡಿ ನಿಲ್ಲುವ ಮೂಲೆ ಉಳಿಯುವುದಿಲ್ಲ. ಅದೇ ಹೊತ್ತಿಗೆ ಊರಿನ ಸಂಘವೊಂದು ಮೂರು ಭಾನುವಾರ ಊಟದ ಹಬ್ಬ ಸಾರಿತು. ಮೊದಲು ಬಳ್ಳಾರಿ, ಆಮೇಲೆ ಸಿರುಗುಪ್ಪ, ಕೊನೆಗೆ ಕುರುಗೋಡು. ಬಂಡಿಗಳಿಗೆ ಅವಕಾಶವಿಲ್ಲ, ಗಾಡಿಯೊಳಗೇ ಅಡುಗೆಮನೆ ಇರಬೇಕು. ಮೂರೂ ಕಡೆ ಅಂಗಡಿ ತೆರೆದವರಿಗೆ ಬಳ್ಳಾರಿಯ ಮೈದಾನದಲ್ಲಿ ಕಾಯಂ ಜಾಗ. ಒಂದು ಕಡೆ ತಪ್ಪಿದರೂ ಇಲ್ಲ.

ಗಂಟು ಸಾಗಿಸುವ ಕೆಲಸ ಕಡಿಮೆಯಾಗಿ ಉಚ್ಚೆಂಗೆಪ್ಪನ ಗಾಡಿ ಮನೆ ಮುಂದೆ ಕೋಳಿಗೂಡಾಗಿತ್ತು. ಕೋಳಿ ಓಡಿಸಿ, ಒಂದು ಬದಿಯ ತಗಡು ಕತ್ತರಿಸಿ ಶಟರ್ ಕೂರಿಸಿದರು. ನೆರಳಿಗೆ ಹಳೆಯ ಜೀನ್ಸ್ ಪ್ಯಾಂಟುಗಳನ್ನು ಜೋಡಿಸಿ ಹೊಲಿದ ಚಪ್ಪರ. ಅದರ ಜೇಬುಗಳು ಹಾಗೇ ಇದ್ದವು. ಚಮಚಗಳು ಹಿಂದಿನ ಜೇಬಿನಲ್ಲಿ, ಪೇಪರ್ ತಟ್ಟೆಗಳು ಮುಂದಿನದರಲ್ಲಿ.

ಬಳ್ಳಾರಿಯ ಭಾನುವಾರ ಇಂಗ್ಲಿಷ್ ಹೆಸರಿನ ಮಿಣಿಮಿಣಿ ಗಾಡಿಗಳ ನಡುವೆ ಹೊನ್ನೂರಮ್ಮನನ್ನು ಜನರೇಟರಿನ ಪಕ್ಕ ನಿಲ್ಲಿಸಿದರು. ಮೈಕಿನವನು ‘ಪಫ್ಡ್ ರೈಸ್ ಉಪ್ಮಾ’ ಎಂದು ಕೂಗಿದ.

"ಅದು ಯಾರ ಗಾಡಿರೀ ದೊಡ್ಡಮ್ಮಾರ?" ಎಂದು ಹೊನ್ನೂರಮ್ಮ ಅತ್ತೆಯನ್ನು ಕೇಳಿದಳು.

"ನಿಂದಽ ಲೇ!"

"ಹೌದಾ? ಇಷ್ಟು ದಿನ ನಾ ಏನ್ ಮಾರತಿದ್ನೋ ನನಗಽ ತಿಳೀಲಿಲ್ಲ ನೋಡ್ರಿ."

ಅಕ್ಷತಾ ಬೋಣಿ ಮಾಡಿದಳು, ವ್ಯಾಪಾರ ಆಯಿತು. ಸಿರುಗುಪ್ಪ ಅತ್ತೆಯ ತವರು. ಅಲ್ಲಿ ಅವರು ಗಾಡಿಯ ಪಕ್ಕ ನಿಂತು ಮಾಲೀಕರಂತೆ ಗಿರಾಕಿಗಳನ್ನು ಗದರಿಸಿದರು, ಇನ್ನೂ ಹೆಚ್ಚು ವ್ಯಾಪಾರ ಆಯಿತು. ಉಳಿದದ್ದು ಕುರುಗೋಡು, ಹೊನ್ನೂರಮ್ಮನ ತವರು.

ಅದರ ಹಿಂದಿನ ದಿನ, ಶನಿವಾರ, ಅಕ್ಷತಾಳಿಗೆ ಭೇದಿ ಶುರುವಾಯಿತು. ಡಾಕ್ಟರು ನೋಡಿ, ಹೆದರಬೇಡಿ, ಓಆರ್‌ಎಸ್ ಕುಡಿಸಿ ಎಂದರು. ಏನೇನು ತಿಂದಳೆಂದು ಕೇಳಿದರು. ನಾನು ವಗ್ಗರಣಿಯ ಹೆಸರೊಂದನ್ನೇ ಹೇಳಿದೆ.

"ಆ ನೀರೇ ಅತ್ತೆ! ನನಗೆ ಮೊದಲೇ ಗೊತ್ತಿತ್ತು," ಎಂದು ಮನೆಗೆ ಬಂದು ಕೂಗಾಡಿದೆ.

ಅತ್ತೆ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ನನ್ನೆದುರು ಮುಚ್ಚಿದ ಬಾಯಿಯನ್ನು ಬಂಡಿಯ ಹತ್ತಿರ ಹೋಗಿ ತೆರೆದರು. ಸಂಜೆ ಹೊನ್ನೂರಮ್ಮ ಬಂದಳು. ಯಾವತ್ತೂ ಸೀದಾ ಒಳಗೆ ಬರುವವಳು ಗೇಟಿನಾಚೆಯೇ ನಿಂತಳು.

"ಪಾಪು ಹೆಂಗೈತ್ರಿ ಅಮ್ಮಾರ?"

"ಈಗ ಪರವಾಗಿಲ್ಲ."

"ನೀರಂತೂ ಚಲೋ ಐತ್ರಿ. ಅದಕ್ಕ ಏನೂ ಅನ್ನಂಗಿಲ್ಲ. ಹಂಗಾರ ನನ್ನ ಕೈಯಾಗ ಏನಾರ ದೋಷ ಐತೇನ್ರಿ?"

ಆಗಲಾದರೂ ನೀರಿನ ಮಾತು ಎತ್ತಬಹುದಿತ್ತು. "ಗೊತ್ತಿಲ್ಲ ಹೊನ್ನೂರಮ್ಮ," ಎಂದೆ. ಅವಳು ಅಂಗೈ ತಿರುಗಿಸಿ ಒಮ್ಮೆ ನೋಡಿಕೊಂಡು ಹೋದಳು.

ಭಾನುವಾರ ಗಾಡಿ ಕುರುಗೋಡಿಗೆ ಹೋಯಿತು, ಜೊತೆಗೆ ಅತ್ತೆಯೂ. ನಾನು ಮಗಳನ್ನು ಕಾಯುತ್ತ ಮನೆಯಲ್ಲಿ ಉಳಿದೆ. ಅಕ್ಷತಾ ಆಗಲೇ ಚೇತರಿಸಿಕೊಂಡು ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದಳು. ಹನ್ನೊಂದರ ಸುಮಾರಿಗೆ ಅತ್ತೆಯ ಫೋನು.

"ಶಾಂಭವೀ, ಈಕಿ ಶಟ್ರು ತೆಗಿವಲ್ಲಳು, ಒಲಿ ಹಚ್ಚವಲ್ಲಳು. ಅವರಣ್ಣ, ಅತ್ತಿಗಿ, ಓಣಿ ಮಂದಿ ಎಲ್ಲಾ ತಟ್ಟಿ ಹಿಡ್ಕಂಡು ನಿಂತಾರ. ‘ಬೋಣಿ ಮಾಡೋ ಕೂಸಿಗೇ ನನ್ನ ಕೈ ಆಗಿ ಬರಲಿಲ್ಲ, ಹುಟ್ಟಿದೂರಿನ ಮಂದಿಗೆ ಹೆಂಗ ಉಣಿಸ್ಲಿ’ ಅಂತಾಳ. ಹನ್ನೆರಡಕ್ಕ ಸಂಘದೋರು ನೋಡಾಕ ಬರತಾರ. ಮುಚ್ಚಿದ್ದು ಕಂಡ್ರ ಜಾಗ ಹೋತು!"

"ನಾನೇನು ಮಾಡಲಿ ಅತ್ತೆ?"

"ನೀ ಏನ್ ಮಾಡತೀ? ನೆಲ ಒರಸು," ಎಂದು ಇಟ್ಟರು.

ಚಿಂತೆ ಹತ್ತಿದಾಗ ನಾನು ನೆಲ ಒರೆಸುತ್ತೇನೆಂಬುದು ಅವರಿಗೆ ಗೊತ್ತು. ಒರೆಸಿದೆ. ದಿವಾನದ ಕೆಳಗಿನಿಂದ ಕೋಲಿಗೆ ತಾಗಿ ಒಂದು ಬಾಟಲಿ ಉರುಳಿ ಬಂತು. ಮಗಳು ತರಕಾರಿ ತಿನ್ನುವುದಿಲ್ಲವೆಂದು, ಹೊಟ್ಟೆ ಸಲೀಸಾಗಲಿ ಎಂದು, ನಾನೇ ಆನ್‌ಲೈನಿನಲ್ಲಿ ತರಿಸಿದ ನಾರಿನಂಶದ ಸಿಹಿ ಗೋಲಿಗಳು. ಪುಟ್ಟ ಕರಡಿಗಳ ಆಕಾರ, ದಿನಕ್ಕೆ ಒಂದು. ಶುಕ್ರವಾರ ತುಂಬಿತ್ತು, ಈಗ ಖಾಲಿ.

"ಕರಡಿಗಳು ಎಲ್ಲಿ ಚಿನ್ನಾ?"

"ಎಲ್ಲಾ ನನ್ನ ಹೊಟ್ಟೇಲಿ ಮಲ್ಕೊಂಡವು," ಎಂದಳು ಅಕ್ಷತಾ. "ಆಮೇಲೆ ಎದ್ದು ಹೋದವು."

ಬಾಟಲಿಯ ಮೇಲೆ ಎಚ್ಚರಿಕೆ ಅಚ್ಚಾಗಿಯೇ ಇತ್ತು. ಅದನ್ನು ನಾನು ಕೊಳ್ಳುವ ಮೊದಲೂ ಓದಿದ್ದೆ, ಕೊಂಡ ಮೇಲೂ ಓದಿದ್ದೆ. ಮಗಳು ಕುರ್ಚಿ ಎಳೆದುಕೊಂಡು ಕಪಾಟು ಹತ್ತಬಲ್ಲಳೆಂದು ಅದರಲ್ಲಿ ಬರೆದಿರಲಿಲ್ಲ.

ಹನ್ನೆರಡಾಗಲು ಸ್ವಲ್ಪವೇ ಹೊತ್ತಿತ್ತು. ಮೆಸೇಜು ಬರೆದೆ, ಅಳಿಸಿದೆ. ಹೊನ್ನೂರಮ್ಮ ಮೆಸೇಜು ನೋಡುವವಳಲ್ಲ. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಸಿರುಗುಪ್ಪದ ಮನೆಮನೆಗೂ ಕರಡಿ ತಲುಪುತ್ತದೆ. ಉಚ್ಚೆಂಗೆಪ್ಪನ ಫೋನು ಸದಾ ಸ್ಪೀಕರಿನಲ್ಲಿ. ನಾನಾಡುವ ಮಾತನ್ನು ಇಡೀ ಕುರುಗೋಡು ಕೇಳುತ್ತದೆ. ನೀರು ಕುಡಿದು, ಮಗಳನ್ನು ಮಡಿಲಿಗೆ ಹಾಕಿಕೊಂಡು, ಕೊನೆಗೂ ಅವನಿಗೇ ವಿಡಿಯೋ ಕರೆ ಒತ್ತಿದೆ.

"ಹಲೋ, ಮಾತಾಡ್ರಿ! ಎಲ್ಲಾರೂ ಕೇಳಾಕ ಹತ್ತ್ಯಾರ!" ಎಂದು ಉಚ್ಚೆಂಗೆಪ್ಪ ಅರಚಿ, ಫೋನನ್ನು ಹೆಂಡತಿಯತ್ತ ತಿರುಗಿಸಿದ.

"ಹೊನ್ನೂರಮ್ಮಾ, ನಿಮ್ಮ ಕೈಯಿಂದ ಏನೂ ಆಗಿಲ್ಲ. ನಾನು ತರಿಸಿದ್ದ ಗೋಲಿ. ಪಾಪು ಬಾಟಲಿ ಪೂರ್ತಿ ತಿಂದಿದ್ದಾಳೆ."

"ಎಂಥಾ ಗೋಲಿರೀ?"

"ಹೊಟ್ಟೆ... ಸಲೀಸಾಗಿ ಹೋಗಲಿ ಅಂತ."

"ಹೋತಲ್ರಿ ಮತ್ತ! ಚಲೋ ಕಂಪನಿ ಐತಿ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಊರಿಗೆ ಊರೇ ನಕ್ಕಿತು. ಹೊನ್ನೂರಮ್ಮ ನಗಲಿಲ್ಲ. ಪರದೆಯ ಹತ್ತಿರ ಮುಖ ತಂದಳು.

"ಅಜ್ಜೀ, ಬೋಣಿ!" ಅಕ್ಷತಾ ರೂಪಾಯಿಯನ್ನು ಫೋನಿಗೆ ಒತ್ತಿ ಹಿಡಿದಳು.

"ಬೋಣಿ ಮಾಡಿದೋರು ತಿನ್ನಬೇಕವ್ವಾ. ನಿನ್ನ ಹೊಟ್ಟಿ ಇನ್ನಾ ನಾಜೂಕೈತಿ. ಯಾರ ತಿಂತಾರ?"

ಉತ್ತರ ಕೊಡಲು ಮನೆಯಲ್ಲಿದ್ದವಳು ನಾನೊಬ್ಬಳೇ.

"ನಾನು ತಿಂತೀನಿ," ಎಂದೆ. "ಅತ್ತೆ ಕೈಲಿ ಕಳಿಸಿ."

ಶಟರ್ ಮೇಲೇರಿದ ಸದ್ದಿಗೆ ಫೋನು ನಡುಗಿತು. ಒಲೆ ಹತ್ತಿತು. ‘ಕಾಗು, ಕಾಗು ತಲ್ಲೀ.’ ಪಾತ್ರೆಗೆ ಕೊಡ ಬಗ್ಗಿಸಿದ ಸದ್ದು ಕೇಳಿ, ತಿನ್ನುವವಳು ನಾನೇ ಎಂಬುದು ಥಟ್ಟನೆ ಹೊಳೆಯಿತು.

"ಹೊನ್ನೂರಮ್ಮಾ, ಅಂದಹಾಗೆ... ಆ ನೀರು ಯಾವುದು?"

"ಹಿಂಗ ಕೇಳತೀರಲ್ರಿ! ನಿಮ್ಮ ಮನಿ ಫಿಲ್ಟರ್ ಮಿಷನ್ನಿಂದಽ. ದೊಡ್ಡಮ್ಮಾರು ದಿನಾ ನಸುಕಿನ್ಯಾಗ ಒಂದು ಕೊಡ ಕೊಡತಾರಲ್ಲ. ಇವತ್ತಿಂದೂ ಅದಽ!"

"ಅತ್ತೇ?"

ಪರದೆಯ ಅಂಚಿನಲ್ಲಿ ಅತ್ತೆಯ ಅರ್ಧ ಮುಖ ಕಂಡಿತು.

"ಇಲ್ಲಿ ಸಿಗ್ನಲ್ ಇಲ್ಲವ್ವಾ," ಎಂದರು, ಸ್ಪಷ್ಟವಾಗಿ.